ಸೋಲಬೇಕಾದವನ ಮಾತು: ತಾಳಮದ್ದಳೆಯ ಯಶಸ್ಸನ್ನು ಅಳೆಯುವ ಬಗೆ

ಕರಾವಳಿಯಲ್ಲಿ ತಾಳಮದ್ದಳೆಯ ಕೂಟವೊಂದು ಮುಗಿದ ಮೇಲೆ ಸಾಮಾನ್ಯವಾಗಿ ಕೇಳಿಬರುವ ಮೊದಲ ಪ್ರಶ್ನೆ, 'ಯಾರ ಅರ್ಥ ಚೆನ್ನಾಯಿತು?' ಎಂಬುದು. ಕೂಟವನ್ನು ಏರ್ಪಡಿಸುವವರು ಪ್ರಸಿದ್ಧ ಅರ್ಥಧಾರಿಗಳನ್ನು ಒಂದೆಡೆ ಸೇರಿಸಲು ಪಡುವ ಶ್ರಮಕ್ಕೂ, ಕೇಳುಗರು ಆಮಂತ್ರಣ ಪತ್ರಿಕೆಯಲ್ಲಿ ಮೊದಲು ಹೆಸರುಗಳನ್ನೂ ಅನಂತರ ಪ್ರಸಂಗವನ್ನೂ ನೋಡುವುದಕ್ಕೂ ಇದೇ ಪ್ರಶ್ನೆ ಮೂಲ. ಒಳ್ಳೆಯ ಮಾತುಗಾರರು ಸೇರಿದರೆ ಒಳ್ಳೆಯ ಕೂಟವಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯನ್ನು ಮರುಪರಿಶೀಲಿಸುವ ಅಗತ್ಯವಿದೆ. ಘಟಾನುಘಟಿಗಳು ಕುಳಿತ ಕೂಟಗಳು ನೀರಸವಾಗುವುದೂ, ಹಳ್ಳಿಯ ಹವ್ಯಾಸಿಗಳ ಕೂಟವೊಂದು ಕೇಳುಗರ ಮನಸ್ಸಿನಲ್ಲಿ ಬಹುಕಾಲ ನಿಲ್ಲುವುದೂ ಅಪರೂಪವೇನಲ್ಲ. ಮಾತಿನ ಬಲಕ್ಕಿಂತ ಹೆಚ್ಚಾಗಿ ಇದಿರಿನವನ ಮಾತನ್ನು ಕೇಳಿಸಿಕೊಳ್ಳುವ ಶಕ್ತಿ, ಅದರಲ್ಲಿಯೂ ಕಥೆಯಲ್ಲಿ ಸೋಲಬೇಕಾದ ಪಾತ್ರವನ್ನು ವಹಿಸಿದವನ ಸಂಯಮ, ಕೂಟದ ಯಶಸ್ಸನ್ನು ನಿರ್ಧರಿಸುತ್ತದೆ.

ತಾಳಮದ್ದಳೆ ಇತ್ತೀಚಿನ ಕಲೆಯಲ್ಲ. ಬಳ್ಳಾರಿ ಸೀಮೆಯ ಕುರುಗೋಡು ಪ್ರದೇಶದ ಸೋಮಸಮುದ್ರಕ್ಕೆ ಸಂಬಂಧಿಸಿದ ಕ್ರಿ.ಶ. 1556ರ ಶಾಸನ ತಾಳಮದ್ದಳೆಯವರಿಗೆ ಭೂಮಿಯನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ತಿಳಿಸುತ್ತದೆ. ಇಂದು ಈ ಕಲೆ ಮುಖ್ಯವಾಗಿ ಉಳಿದಿರುವುದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ, ಕಾಸರಗೋಡಿನಲ್ಲಿ ಮತ್ತು ಮಲೆನಾಡಿನ ಕೆಲವು ಭಾಗಗಳಲ್ಲಿ. ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ದೇವಾಲಯದ ಚಾವಡಿಗಳಲ್ಲಿ, ಮನೆಗಳಲ್ಲಿ, ಸಭಾಭವನಗಳಲ್ಲಿ ಕೂಟಗಳು ನಡೆಯುತ್ತವೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಮದ್ದಳೆ, ಚೆಂಡೆಗಳು ಜೊತೆಗೂಡುತ್ತವೆ. ಇದಿರುಬದಿರಾಗಿ ಕುಳಿತ ಅರ್ಥಧಾರಿಗಳು ಪಾತ್ರವಾಗಿ ಮಾತನಾಡುತ್ತಾರೆ. ಪದ್ಯ ಲಿಖಿತ, ಅರ್ಥ ಆಶುರಚಿತ. ಕಣ್ಣಿಗೆ ಕಾಣುವ ಆಧಾರಗಳನ್ನೆಲ್ಲ ಬಿಟ್ಟುಕೊಟ್ಟ ಈ ರಂಗಪ್ರಕಾರದಲ್ಲಿ ಮಾತು ಸೋತರೆ ಅದನ್ನು ಮರೆಮಾಚಲು ಬೇರೆ ಯಾವ ಉಪಾಯವೂ ಇರುವುದಿಲ್ಲ.

ಈ ಮಾತಿಗೊಂದು ವಿಶಿಷ್ಟ ನಿರ್ಬಂಧವುಂಟು. ವಾದ ಎಷ್ಟೇ ಬಿರುಸಾಗಿ ನಡೆದರೂ ಅದರ ಫಲಿತಾಂಶ ಮೊದಲೇ ನಿಶ್ಚಿತವಾಗಿದೆ. 'ಕೃಷ್ಣಸಂಧಾನ'ದಲ್ಲಿ ಕೃಷ್ಣನ ಮಾತು ಎಷ್ಟು ಯುಕ್ತವಾಗಿದ್ದರೂ ಕೌರವ ಒಪ್ಪುವಂತಿಲ್ಲ. 'ಕರ್ಣಪರ್ವ'ದಲ್ಲಿ ಕರ್ಣ ಎಷ್ಟು ಉದಾತ್ತನಾಗಿ ಮಾತನಾಡಿದರೂ ಉಳಿಯುವಂತಿಲ್ಲ. ಇದು ಕೇಳುಗರಿಗೂ ಗೊತ್ತು. ಆದುದರಿಂದ ಅವರ ಕುತೂಹಲ 'ಏನಾಗುತ್ತದೆ' ಎಂಬುದರಲ್ಲಿ ಇರಲಾರದು. ಗೊತ್ತಿರುವ ಕೊನೆಯನ್ನು ಈ ದಿನ, ಈ ಇಬ್ಬರು, ಯಾವ ದಾರಿಯಲ್ಲಿ ಮುಟ್ಟುತ್ತಾರೆ ಎಂಬುದರಲ್ಲಿ ಅದು ನೆಲೆಸಿರುತ್ತದೆ. ಚರ್ಚಾಸ್ಪರ್ಧೆಯ ಅಳತೆಗೋಲು ತಾಳಮದ್ದಳೆಗೆ ಒಗ್ಗದಿರುವುದು ಈ ಕಾರಣದಿಂದ.

'ವಾಲಿವಧೆ'ಯ ಸನ್ನಿವೇಶವನ್ನು ಇಲ್ಲಿ ಪರಿಶೀಲಿಸಬಹುದು. ಕುಂಬಳೆ ಸೀಮೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಕರಾವಳಿಗೆ ಚಿರಪರಿಚಿತ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೆಲಕ್ಕುರುಳಿದ ವಾಲಿ ಪ್ರಶ್ನಿಸುತ್ತಾನೆ. ತನಗೂ ರಾಮನಿಗೂ ವೈರವಿಲ್ಲ, ಇನ್ನೊಬ್ಬನೊಡನೆ ಹೋರಾಡುತ್ತಿದ್ದವನನ್ನು ಹೊಡೆದುದು ಕ್ಷತ್ರಿಯಧರ್ಮವಲ್ಲ ಎಂಬ ಅವನ ಆಕ್ಷೇಪಕ್ಕೆ ವಾಲ್ಮೀಕಿಯಲ್ಲಿಯೇ ಬಲವಾದ ನೆಲೆಯಿದೆ. ತಮ್ಮನ ಮಡದಿ ರುಮೆಯನ್ನು ಇರಿಸಿಕೊಂಡುದು, ಈ ಭೂಮಿ ಇಕ್ಷ್ವಾಕುಗಳ ಆಳ್ವಿಕೆಗೆ ಸೇರಿದುದು ಮುಂತಾದ ರಾಮನ ಉತ್ತರಗಳೂ ಅಲ್ಲಿವೆ. ತರ್ಕದ ಮಟ್ಟದಲ್ಲಿ ಮಾತ್ರ ನೋಡಿದರೆ ವಾಲಿಯ ತಕ್ಕಡಿಯೇ ತೂಗುತ್ತದೆ. ಗಾಯಗೊಂಡು ಬಿದ್ದವನ ಪರವಾಗಿ ಕೇಳುಗರ ಅನುಕಂಪವೂ ಇರುತ್ತದೆ. ಸಮರ್ಥನಾದ ವಾಲಿಯ ಅರ್ಥಧಾರಿ ಬಯಸಿದರೆ ರಾಮನನ್ನು ನಿರುತ್ತರನನ್ನಾಗಿಸಿ ಚಪ್ಪಾಳೆ ಗಿಟ್ಟಿಸಬಲ್ಲ. ಆದರೆ ಆ ಚಪ್ಪಾಳೆಯೊಂದಿಗೆ ಪ್ರಸಂಗ ಅಲ್ಲಿಯೇ ಮುರಿದುಬೀಳುತ್ತದೆ. ಮುಂದಿನ ಪದ್ಯದಲ್ಲಿ ವಾಲಿ ರಾಮನಿಗೆ ಶರಣಾಗಿ, ಅಂಗದನನ್ನು ಒಪ್ಪಿಸಬೇಕು. ಗೆದ್ದವನು ಏಕೆ ಶರಣಾಗುತ್ತಾನೆ ಎಂಬ ಪ್ರಶ್ನೆಗೆ ಆಗ ಉತ್ತರವಿರುವುದಿಲ್ಲ. ಅರ್ಥಧಾರಿ ದನಿಯನ್ನು ತಗ್ಗಿಸಿ ಭಕ್ತಿಯ ನಾಲ್ಕು ಮಾತು ಸೇರಿಸಿದರೂ ಅದು ತೇಪೆಯಾಗಿಯೇ ಕಾಣುತ್ತದೆ.

ಯಶಸ್ವಿಯಾದ ವಾಲಿ ತನ್ನ ಶರಣಾಗತಿಯ ಬೀಜವನ್ನು ಆಕ್ಷೇಪದ ಒಳಗೇ ಬಿತ್ತಿರುತ್ತಾನೆ. ಯುದ್ಧಕ್ಕೆ ಹೊರಟಾಗ ತಾರೆ ತಡೆದು ಹೇಳಿದ ಎಚ್ಚರಿಕೆಯನ್ನು ತಳ್ಳಿಹಾಕುವಲ್ಲಿಯೇ ಒಂದು ಅಳುಕು ಸುಳಿದಿರುತ್ತದೆ. ರುಮೆಯ ಹೆಸರು ಬಂದಾಗ ಅವನು ಒಂದು ಕ್ಷಣ ತಡೆಯುತ್ತಾನೆ. ಆ ತಡೆಯನ್ನು ರಾಮನ ಅರ್ಥಧಾರಿ ಗುರುತಿಸಬೇಕು. ಸಿದ್ಧಪಡಿಸಿಕೊಂಡು ಬಂದ ಧರ್ಮಶಾಸ್ತ್ರದ ವಾಕ್ಯಗಳನ್ನು ಪಕ್ಕಕ್ಕಿಟ್ಟು ಅಲ್ಲಿಂದಲೇ ಮಾತನ್ನು ಬೆಳೆಸಬೇಕು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡಾಗ ವಾಲಿಯ ಪರಿವರ್ತನೆ ಕೇಳುಗರ ಕಣ್ಣೆದುರಿನಲ್ಲಿಯೇ ನಡೆದ ಘಟನೆಯಾಗುತ್ತದೆ. ಕಥೆಯಲ್ಲಿ ಸೋಲುವವನಿಗೆ ವಾದದಲ್ಲಿ ಹೆಚ್ಚಿನ ಬಲವಿರುವುದು ತಾಳಮದ್ದಳೆಯ ಎಷ್ಟೋ ಪ್ರಸಂಗಗಳ ಸ್ವಭಾವ. ಆ ಬಲವನ್ನು ಪೂರ್ತಿಯಾಗಿ ತೋರಿಸಿಯೂ ಸೋಲಿಗೆ ದಾರಿ ಬಿಡುವುದು ಕಠಿನವಾದ ವಿದ್ಯೆ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಸ್ವಭಾವ ಅಪರಿಚಿತವಲ್ಲ. ಕ್ರಿ.ಶ. 941ರಷ್ಟು ಹಿಂದೆಯೇ ಪಂಪ ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ಅರ್ಜುನನನ್ನು ನಾಯಕನನ್ನಾಗಿ ಮಾಡಿಯೂ ಕರ್ಣನಿಗೆ ಕಾವ್ಯದ ಗೌರವವನ್ನು ಧಾರೆಯೆರೆದ. ರನ್ನ 'ಗದಾಯುದ್ಧ'ದಲ್ಲಿ ಭೀಮನ ಗೆಲುವನ್ನು ಹಾಡಹೊರಟು ದುರ್ಯೋಧನನ ಛಲವನ್ನೂ ದುಃಖವನ್ನೂ ಮರೆಯಲಾಗದಂತೆ ಚಿತ್ರಿಸಿದ. ಪ್ರಸಂಗಗಳ ಕಥೆಗೆ ಕುಮಾರವ್ಯಾಸ ಭಾರತ, ತೊರವೆ ರಾಮಾಯಣ, ಜೈಮಿನಿ ಭಾರತಗಳು ಹತ್ತಿರದ ಆಕರಗಳಾದರೂ, ಓದಿಕೊಂಡ ಅರ್ಥಧಾರಿಯ ಕರ್ಣ, ಕೌರವರಲ್ಲಿ ಪಂಪ ರನ್ನರ ಪ್ರಭಾವವನ್ನು ಗುರುತಿಸಬಹುದು. ಪ್ರತಿನಾಯಕನಿಗೆ ನ್ಯಾಯ ಸಲ್ಲಿಸುವ ಕನ್ನಡದ ಹಳೆಯ ಪರಂಪರೆ ಇಲ್ಲಿ ಬಾಯಿಮಾತಿನಲ್ಲಿ ಮುಂದುವರಿದಿದೆ.

ಕೂಟದ ಸಮತೋಲವನ್ನು ಕಾಯುವ ಮತ್ತೊಬ್ಬ ವ್ಯಕ್ತಿ ಭಾಗವತ. ಅರ್ಥಧಾರಿಯ ಮಾತು ಪದ್ಯದ ಎಲ್ಲೆ ದಾಟಿ ಹರಿಯತೊಡಗಿದಾಗ ಮುಂದಿನ ಪದ್ಯವನ್ನು ಎತ್ತಿಕೊಂಡು ಅದನ್ನು ತಡೆಯುವ ಅಧಿಕಾರ ಅವನದು. ಎಲ್ಲಿ ಬಿಡಬೇಕು, ಎಲ್ಲಿ ತುಂಡರಿಸಬೇಕು ಎಂಬ ವಿವೇಕವುಳ್ಳ ಭಾಗವತ ಕೂಟದ ನಿಜವಾದ ಸಂಪಾದಕ. ರಾಗದ ಆಯ್ಕೆಯಿಂದ ಅವನು ಮುಂದಿನ ಮಾತಿನ ಭಾವಕ್ಕೆ ನೆಲೆಯನ್ನೂ ಹದಗೊಳಿಸುತ್ತಾನೆ. ಹೆಸರುವಾಸಿ ಅರ್ಥಧಾರಿಗೆ ಅಂಜಿ ಭಾಗವತ ಸುಮ್ಮನೆ ಕುಳಿತ ಕೂಟಗಳಲ್ಲಿ ಪದ್ಯಗಳು ಮಾತಿನ ನಡುವಣ ವಿರಾಮಗಳಷ್ಟೇ ಆಗಿಬಿಡುತ್ತವೆ.

ಇಂದಿನ ಕೂಟಗಳ ಸೊರಗುವಿಕೆಗೆ ಕಾಲಮಿತಿಯನ್ನು ದೂರುವುದು ವಾಡಿಕೆ. ಇಡೀ ರಾತ್ರಿ ನಡೆಯುತ್ತಿದ್ದ ಕೂಟ ಎರಡು ಮೂರು ಗಂಟೆಗಳಿಗೆ ಇಳಿದಿರುವುದು ನಿಜ. ಆದರೆ ದೋಷ ಅವಧಿಯದಲ್ಲ. ಇಡೀ ರಾತ್ರಿಯ ಪ್ರಸಂಗವನ್ನು ಹಾಗೆಯೇ ಮೂರು ಗಂಟೆಗೆ ಅದುಮಿದಾಗ ಪ್ರತಿ ಪಾತ್ರವೂ ತನ್ನ ಪೀಠಿಕೆಯನ್ನು ಹೇಳಿ ಮುಗಿಸುವಷ್ಟರಲ್ಲಿ ಸಮಯ ತೀರುತ್ತದೆ; ಸಂವಾದಕ್ಕೆ ಎಡೆಯೇ ಉಳಿಯುವುದಿಲ್ಲ. ಒಂದೇ ಸನ್ನಿವೇಶವನ್ನು, ಹತ್ತು ಹನ್ನೆರಡು ಪದ್ಯಗಳನ್ನು ಆರಿಸಿಕೊಂಡರೆ ಅಷ್ಟೇ ಅವಧಿಯಲ್ಲಿ ತುಂಬಿದ ಕೂಟ ಸಾಧ್ಯ. ದೇರಾಜೆ ಸೀತಾರಾಮಯ್ಯನವರ ಮಿತವಾದ, ಧ್ವನಿಪೂರ್ಣವಾದ ಅರ್ಥಗಾರಿಕೆಯನ್ನು ಇಂದಿಗೂ ರಸಿಕರು ನೆನೆಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ತರ್ಕನಿಷ್ಠೆಯೂ ಅವರಷ್ಟೇ ಸಮರ್ಥರಾದವರು ಇದಿರಾದಾಗ ಹೆಚ್ಚು ಬೆಳಗಿತು. ಉದ್ದವೂ ಗಿಡ್ಡವೂ ಅವರ ಯಶಸ್ಸಿಗೆ ಮಾನದಂಡವಾಗಿರಲಿಲ್ಲ.

ಹೆಚ್ಚು ಆತಂಕಪಡಬೇಕಾದುದು ಮತ್ತೊಂದು ಬೆಳವಣಿಗೆಯ ಬಗ್ಗೆ. ಒಂದು ಕಾಲದಲ್ಲಿ ಆಕಾಶವಾಣಿ ಮತ್ತು ಕ್ಯಾಸೆಟ್ಟುಗಳು ತಾಳಮದ್ದಳೆಯನ್ನು ಮನೆಮನೆಗೆ ಮುಟ್ಟಿಸಿದವು. ಅವು ಸಂಕ್ಷಿಪ್ತವಾದರೂ ಸಂವಾದವನ್ನು ಉಳಿಸಿಕೊಂಡಿದ್ದವು. ಈಗ ಮೊಬೈಲುಗಳಲ್ಲಿ ಹರಿದಾಡುವುದು ಎರಡು ಮೂರು ನಿಮಿಷಗಳ ತುಣುಕು: ಒಬ್ಬನ ಚಾಟೂಕ್ತಿ, ಇದಿರಿನವನ ಮೌನ, ಸಭೆಯ ನಗು. ಇದಿರಿನವನು ಅನಂತರ ಏನು ಹೇಳಿದ ಎಂಬುದು ತುಣುಕಿನಲ್ಲಿ ಇರುವುದಿಲ್ಲ. ಇಂಥ ತುಣುಕುಗಳಿಂದಲೇ ರುಚಿಯನ್ನು ರೂಢಿಸಿಕೊಂಡ ಕೇಳುಗ ಕೂಟಕ್ಕೆ ಬಂದರೂ ಅಂಥ ಕ್ಷಣಗಳಿಗಾಗಿ ಕಾಯುತ್ತಾನೆ. ಆ ಕಾಯುವಿಕೆಯನ್ನು ಅರಿತ ಕಲಾವಿದ ಅದನ್ನೇ ಒದಗಿಸುತ್ತಾನೆ. ಕಾವ್ಯಾಭ್ಯಾಸದಿಂದ ಮನಸ್ಸಿನ ಕನ್ನಡಿ ತಿಳಿಯಾದವನು ಸಹೃದಯ ಎಂಬ ಅಭಿನವಗುಪ್ತನ ಕಲ್ಪನೆ ಇಲ್ಲಿ ಸ್ಮರಣೀಯ. ಸಹೃದಯತೆ ಅಭ್ಯಾಸದಿಂದ ಬರುವುದಾದರೆ ಅಭ್ಯಾಸ ತಪ್ಪಿದಾಗ ಅದು ಕಳೆದುಹೋಗುವುದೂ ಸಹಜ.

ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಇಲ್ಲಿ ಹೊಣೆ ಹೊರಬೇಕಾಗಿದೆ. ಪ್ರಸಂಗಗಳನ್ನು ಕೇವಲ ಮುದ್ರಿತ ಪಠ್ಯಗಳಾಗಿ ಓದಿದ ವಿದ್ಯಾರ್ಥಿಗೆ ಅವು ತೆಳುವಾದ ಕೃತಿಗಳೆಂದು ತೋರುವುದು ಸಹಜ. ಅರ್ಥವನ್ನು ತುಂಬಿಕೊಳ್ಳುವುದಕ್ಕಾಗಿಯೇ ಅವು ತೆರವನ್ನು ಬಿಟ್ಟಿವೆ ಎಂಬುದು ಕೂಟದಲ್ಲಿ ಕುಳಿತಾಗ ತಿಳಿಯುತ್ತದೆ. ಅರ್ಥಧಾರಿಯೂ ವಿದ್ವಾಂಸರೂ ಆದ ಡಾ. ಎಂ. ಪ್ರಭಾಕರ ಜೋಶಿಯವರಂಥವರು ಈ ಕಲೆಯ ವಿಮರ್ಶೆಗೆ ಅಡಿಪಾಯ ಹಾಕಿದ್ದಾರೆ. ಅದರ ಮೇಲೆ ಕಟ್ಟಬೇಕಾದ ಕೆಲಸ ಬಹಳಷ್ಟಿದೆ. ಒಂದೇ ಪ್ರಸಂಗದ ಹಲವು ಕೂಟಗಳನ್ನು ಮೊದಲಿನಿಂದ ಕೊನೆಯವರೆಗೆ ದಾಖಲಿಸಿ, ಒಂದೇ ಪದ್ಯಕ್ಕೆ ಬಂದ ಬೇರೆ ಬೇರೆ ಅರ್ಥಗಳನ್ನೂ ಅವುಗಳಿಗೆ ದೊರೆತ ಪ್ರತಿಮಾತುಗಳನ್ನೂ ಹೋಲಿಸಿ ನೋಡಿದರೆ, ಕನ್ನಡದಲ್ಲಿ ಮೌಖಿಕವಾಗಿ ನಡೆದುಬಂದಿರುವ ಕಾವ್ಯವಿಮರ್ಶೆಯ ಒಂದು ದೊಡ್ಡ ಭಂಡಾರವೇ ತೆರೆದುಕೊಳ್ಳುತ್ತದೆ. ಅದಕ್ಕೆ ಮುನ್ನ ಸಂಶೋಧಕ ಪದ್ಯಗಳ ಪ್ರತಿಯನ್ನು ಕೈಯಲ್ಲಿ ಹಿಡಿದು ತನ್ನೂರಿನ ಸಮೀಪದ ಕೂಟವೊಂದಕ್ಕೆ ಹೋಗಿ ಮಂಗಳದ ಪದ್ಯದವರೆಗೆ ಕುಳಿತುಕೊಳ್ಳಬೇಕು. ಒಬ್ಬ ಅರ್ಥಧಾರಿ ಮಾತನಾಡುವಾಗ ಇನ್ನೊಬ್ಬ ಹೇಗೆ ಕುಳಿತಿದ್ದಾನೆ ಎಂಬುದನ್ನು ಗಮನಿಸುವುದರಿಂದ ಅವನ ಅಧ್ಯಯನ ಆರಂಭವಾಗಲಿ.