ಮನಿಯವರೇ ಕೇಳಿದ ಮಾತು

ಮೊಹರಮ್ಮಿನಾಗ ಪಂಜಾದ ಮುಂದ ನಿಂತು ರಿವಾಯತ್ ಹಾಡಾಕ ಹತ್ತಿ ನಲವತ್ತು ವರ್ಷ ಆತು. ನಾನು ಮುಸಲ್ಮಾನ ಅಲ್ಲ. ಆದರ ಆ ಮನಿಗಳ ಉಪ್ಪು ಉಂಡವ, ಅದಕ್ಕ ಹೇಳತೀನಿ, ಸಿಟ್ಟಾಗಬ್ಯಾಡ್ರಿ.

1966ರ ಏಪ್ರಿಲ್ 18ಕ್ಕ ಕೊಂಕಣದ ಹಮೀದ್ ದಳವಾಯಿ ಏಳು ಮಂದಿ ಮುಸಲ್ಮಾನ ಹೆಣ್ಣುಮಕ್ಕಳನ್ನು ಕರಕೊಂಡು ಮುಂಬೈಯಾಗ ಸರ್ಕಾರದ ಬಾಗಿಲಿಗೆ ಹೋದರು. ಮೂರು ಸಲ ತಲಾಖ್ ಅಂದು ಹೆಂಡತಿಯನ್ನು ಹೊರಗ ಹಾಕೋದು ನಿಲ್ಲಲಿ ಅಂದರು. ಅಷ್ಟಕ್ಕ ಅವರು ಧರ್ಮದ ವೈರಿ ಆದರು. ಆ ತಲಾಖ್ ನಡೆಯೋದಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರಾಗ. ಐವತ್ತೊಂದು ವರ್ಷ! ಅಷ್ಟರಾಗ ಎಷ್ಟು ಮಂದಿ ತವರುಮನಿ ಮೂಲ್ಯಾಗ ಕೂತು ಮುದುಕ್ಯಾರಾದರೋ.

ಹೆಂಗಸರಿಗೂ ಮಸೀದಿಯಾಗ ನಮಾಜು ಮಾಡೋ ಹಕ್ಕು ಐತಿ ಅಂದದ್ದಕ್ಕ ಹಾಸನದ ಬಾನು ಮುಷ್ತಾಕ್ ಅವರಿಗೆ 2000ದಾಗ ಬಹಿಷ್ಕಾರ ಹಾಕಿದರು. 2025ರಾಗ ಅದೇ ಬಾನು ಬೂಕರ್ ತಂದರು, ಆಗ ಹಾರ ಹಿಡದವರಿಗೆ ಲೆಕ್ಕ ಇಲ್ಲ. ಮನಸ್ಸಿಗೆ ನೋವಾತೇನು? ಕುರಾನು ತಗದು ತೋರಿಸಿ ಉತ್ತರ ಕೊಡ್ರಿ. ಬಾಯಿ ಮುಚ್ಚಸೂದು ಉತ್ತರ ಅಲ್ಲ.

ಇದನ್ನ ಓದಿ ಕಟ್ಟಿ ಮ್ಯಾಲ ಚಪ್ಪಾಳಿ ಹೊಡಿಯೋ ನಮ್ಮವರಿಗೂ ಒಂದು ಮಾತು ಐತಿ. 2015ರಾಗ ನಮ್ಮ ಕೊಲ್ಲಾಪುರದಾಗ ಗೋವಿಂದ ಪನ್ಸಾರೆಯವರಿಗೆ ಗುಂಡು ಹೊಡದಾಗ ನೀವು ಎಲ್ಲಿದ್ರಿ?

ಇದನ್ನೇ ಹಾಡಿನಾಗ ಹೇಳಿದ್ದಕ್ಕ ಹೋದ ವರ್ಷ ಒಬ್ಬಾಂವ ನನ್ನ ಹಲಗಿ ಕಸಕೊಂಡ. ಈ ಸಲಾನೂ ಹೋಗತೀನಿ. ಹಲಗಿ ಇಲ್ಲದಿದ್ದರ ಬರೇ ಬಾಯಿಲೆ ಹಾಡತೀನಿ.