ಗರ್ಭಕಂಠದ ಕಾವಲುಗಾರರು

ಧೂಮಪಾನವು ಶ್ವಾಸಕೋಶಕ್ಕೆ ಕೇಡೆಂಬುದನ್ನು ಈಗ ಶಾಲೆಯ ಹುಡುಗರೂ ಬಲ್ಲರು. ಅದೇ ಹೊಗೆಯ ವಿಷವು ಸ್ತ್ರೀಯರ ಗರ್ಭಕಂಠವನ್ನೂ ಮುಟ್ಟುವುದೆಂದರೆ ಮಾತ್ರ ನಮ್ಮ ಹುತ್ತೂರಿನ ಕಡೆಯ ಗೃಹಸ್ಥರು ನಗುವರು. ಬಾಯಿಯೆಲ್ಲಿ, ಗರ್ಭಾಶಯದ ಬಾಗಿಲೆಲ್ಲಿ! ಆದರೆ ರಕ್ತಕ್ಕೆ ಎಲ್ಲೆಡೆಗೂ ದಾರಿಯುಂಟು. ಸಿಗರೇಟು ಸೇದುವ ಸ್ತ್ರೀಯರ ಗರ್ಭಕಂಠದ ಲೋಳೆಯಲ್ಲಿ ನಿಕೋಟಿನ್ ಕಂಡುಬಂದಿದೆ.

ಆ ಭಾಗದ ಮೇಲ್ಪೊರೆಯಲ್ಲಿ ಕವಲುಕವಲಾಗಿ ಕೈಚಾಚಿಕೊಂಡಿರುವ ಕೆಲವು ಜೀವಕಣಗಳಿವೆ. 1868ರಲ್ಲಿ ಬರ್ಲಿನ್ನಿನ ವೈದ್ಯವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬಾತನು ಇಂಥವನ್ನು ಮೊದಲು ಚರ್ಮದಲ್ಲಿ ಕಂಡು, ನರಕ್ಕೆ ಸೇರಿದವೆಂದು ಬಗೆದನು. ಅವುಗಳ ನಿಜವಾದ ವೃತ್ತಿ ಕಾವಲು. ಹೊರಗಿನಿಂದ ನುಗ್ಗಿದ ರೋಗಾಣುವಿನ ತುಣುಕನ್ನು ಹಿಡಿದು, ದುಗ್ಧಗ್ರಂಥಿಗೆ ಒಯ್ದು ತೋರಿಸಿ, ಹೋರಾಡುವ ಕಣಗಳನ್ನು ಎಬ್ಬಿಸುವುವು. ಹಿಂದೆ ಊರ ತಳವಾರನು ಪಟೇಲರಿಗೆ ಸುದ್ದಿ ಮುಟ್ಟಿಸುತ್ತಿದ್ದಂತೆ.

1988ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಪರಿಶೋಧನೆಯಂತೆ, ಸಿಗರೇಟು ಸೇದುವ ಸ್ತ್ರೀಯರ ಗರ್ಭಕಂಠದಲ್ಲಿ ಈ ಕಣಗಳ ಸಂಖ್ಯೆ ಕಡಿಮೆ. ತಳವಾರರು ಕಡಿಮೆಯಾದ ಊರಿನಲ್ಲಿ, ಸಾಮಾನ್ಯವಾಗಿ ತಾನಾಗಿಯೇ ತೊಲಗತಕ್ಕ ಪ್ಯಾಪಿಲೋಮಾ ವೈರಸ್ಸಿನ ಸೋಂಕು ಬಹುಕಾಲ ನೆಲಸಬಹುದು. ಹಾಗೆ ನೆಲಸಿದುದೇ ವರ್ಷಗಳು ಕಳೆದ ಮೇಲೆ ಅರ್ಬುದವಾಗಿ, ಅಂದರೆ ಕ್ಯಾನ್ಸರಾಗಿ, ಪರಿಣಮಿಸುವ ಭಯವುಂಟು. ಮೂಲಕಾರಣವು ವೈರಸ್ಸೇ, ಹೊಗೆಯು ಅದಕ್ಕೆ ಒದಗಿದ ನೆಂಟ.

ನಮ್ಮ ಹೆಂಗಸರು ಬೀಡಿ ಸೇದುವುದಿಲ್ಲವಲ್ಲ ಎಂಬ ಆಕ್ಷೇಪವು ಬರುವುದು. ಸೇದುವವರು ವಿರಳವೆಂಬುದು ದಿಟವೇ. ಆದರೆ ಪಡಸಾಲೆಯಲ್ಲಿ ಕುಳಿತು ಯಜಮಾನರು ಬಿಡುವ ಹೊಗೆಯನ್ನು ಒಳಮನೆಯವರೂ ಉಸಿರಾಡಬೇಕಲ್ಲವೇ? ತಾವು ಸೇದದೆ ಪರರ ಹೊಗೆಯಲ್ಲಿದ್ದ ಸ್ತ್ರೀಯರ ಲೋಳೆಯಲ್ಲಿಯೂ ನಿಕೋಟಿನ್ನಿನ ಕುರುಹು ದೊರೆತಿದೆ.

ಚರಕನೇ ಧೂಮಪಾನವನ್ನು ವಿಧಿಸಿಲ್ಲವೇ ಎಂದು ವಾದಿಸುವವರನ್ನೂ ನಾವು ಕಂಡಿದ್ದೇವೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿರುವುದು ಗಂಧದ್ರವ್ಯಗಳ ಮತ್ತು ಮೂಲಿಕೆಗಳ ಧೂಮ. ಹೊಗೆಸೊಪ್ಪಾದರೋ ಅಮೆರಿಕಾ ಖಂಡದ ಗಿಡ. ನಮ್ಮ ದೇಶಕ್ಕೆ ಅದನ್ನು ತಂದವರು ಪೋರ್ಚುಗೀಸರು. ಮೇಲಾಗಿ ಆ ಔಷಧಧೂಮವನ್ನೂ ಗರ್ಭಿಣಿಗೆ ಕೂಡದೆಂದು ಅದೇ ಗ್ರಂಥವು ಹೇಳಿದೆ. ವಾದಿಸುವವರು ಅಷ್ಟು ದೂರ ಓದುವುದಿಲ್ಲ.

ಬಿಟ್ಟರೆ ಫಲವುಂಟೇ? ಉಂಟು. ಗರ್ಭಕಂಠದಲ್ಲಿ ಸಣ್ಣ ವಿಕಾರವಿದ್ದ ಸ್ತ್ರೀಯರು ಧೂಮಪಾನವನ್ನು ಬಿಟ್ಟಾಗ, ಆರು ತಿಂಗಳಲ್ಲಿ ಆ ವಿಕಾರವು ಕುಗ್ಗಿತೆಂದು 1996ರಲ್ಲಿ ಅದೇ ಪತ್ರಿಕೆಯಲ್ಲಿ ವರದಿಯಾಯಿತು.

ಮೂವತ್ತು ದಾಟಿದ ಗೃಹಿಣಿಯರು ನೋವಿಲ್ಲವೆಂದು ಸುಮ್ಮನಿರದೆ ಗರ್ಭಕಂಠವನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ತೆಳುವಾದ ಅಸಿಟಿಕ್ ಆಮ್ಲವನ್ನು ಹಚ್ಚಿ ನೋಡುವ ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು. ಕೋಲಾರದ ಶ್ರೀ ನರಸಿಂಹರಾಜ ಆಸ್ಪತ್ರೆಯಲ್ಲಾಗಲಿ ಟಮಕದ ಜಾಲಪ್ಪ ಆಸ್ಪತ್ರೆಯಲ್ಲಾಗಲಿ ವಿಚಾರಿಸಬಹುದು. ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿದ್ದರೆ ಈ ವೈರಸ್ಸಿನ ಲಸಿಕೆಯ ಮಾತನ್ನೂ ವೈದ್ಯರಲ್ಲಿ ಎತ್ತಿರಿ.