ದೋಷವೆಂಬ ಶಬ್ದಕ್ಕೆ ಬಹಿಷ್ಕಾರ

ಯಂತ್ರದಲ್ಲಿ ದೋಷವುಂಟಾಗುವುದು ಸಹಜವು. ಅದನ್ನು ದೋಷವೆನ್ನಲು ಕೆಲಸಗಾರನಿಗೆ ಅಧಿಕಾರವಿಲ್ಲದಿರುವುದು ಅನರ್ಥವು. ಅಮೆರಿಕದ ಡೆಟ್ರಾಯಿಟ್ ನಗರದ ಜನರಲ್ ಮೋಟರ್ಸ್ ಕಂಪೆನಿಯಲ್ಲಿ 2008ರಲ್ಲಿ ನೌಕರರಿಗೆ ಒಂದು ವಿಚಿತ್ರವಾದ ಶಬ್ದಪಾಠವು ಬೋಧಿಸಲ್ಪಟ್ಟಿತು. ಬರವಣಿಗೆಯಲ್ಲಿ 'ದೋಷ'ವೆನ್ನಕೂಡದು, 'ವಿನ್ಯಾಸದಂತೆ ನಡೆಯುವುದಿಲ್ಲ'ವೆನ್ನಬೇಕು, 'ಸಮಸ್ಯೆ'ಯೆನ್ನಕೂಡದು, 'ವಿಷಯ'ವೆನ್ನಬೇಕು!

ಅದೇ ಕಾಲದಲ್ಲಿ ಆ ಕಂಪೆನಿಯ ಕೋಬಾಲ್ಟ್ ಮುಂತಾದ ಕಾರುಗಳಲ್ಲಿ ಕೀಲಿಕೈಯ ಸ್ವಿಚ್ಚು ಓಡಾಟದ ನಡುವೆಯೇ ಜಾರಿ, ಎಂಜಿನ್ನು ನಿಂತು, ಪ್ರಾಣರಕ್ಷಕವಾದ ಗಾಳಿಚೀಲವು ಬಿಚ್ಚಿಕೊಳ್ಳದೆ ಹೋಗುತ್ತಿದ್ದಿತು. 2006ರಲ್ಲಿ ಸ್ವಿಚ್ಚನ್ನು ಬದಲಿಸಿದರೂ ಬಿಡಿಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ; ಶೋಧಕರು ವರ್ಷಗಟ್ಟಲೆ ದಾರಿತಪ್ಪಿದರು. ಕಾರುಗಳನ್ನು ಹಿಂದಕ್ಕೆ ಕರೆದುದು 2014ರಲ್ಲಿ. ಮಡಿದವರು, ಪರಿಹಾರನಿಧಿಯ ಲೆಕ್ಕದಂತೆ, 124 ಮಂದಿ.

ಕಂಪೆನಿಯೊಳಗೆ ರೂಢಿಯಲ್ಲಿದ್ದ ಎರಡು ಮಾತುಗಳನ್ನು ಆ ವರ್ಷದ ತನಿಖಾವರದಿಯು ಬಯಲಿಗೆಳೆಯಿತು. ಸಭೆಯಲ್ಲಿ ಎಲ್ಲರೂ ಒಪ್ಪಿ ತಲೆದೂಗಿ, ಹೊರಬಂದು ಏನನ್ನೂ ಮಾಡದಿರುವುದು 'ಜಿ.ಎಮ್. ತಲೆದೂಗು', ತೋಳುಗಳನ್ನು ಅಡ್ಡಹಾಕಿ, ಹೊಣೆಯು ಪರರದೆಂದು ಬೆರಳು ತೋರುವುದು 'ಜಿ.ಎಮ್. ವಂದನೆ'. ತನ್ನ ಸಂಸ್ಥೆಯ ಹೆಸರಿನಿಂದಲೇ ಇಂತಹ ಪರಿಹಾಸವನ್ನು ಹೆಣೆದ ನೌಕರವರ್ಗದ ಮನಸ್ಸಿನಲ್ಲಿ ಎಷ್ಟು ಬೇಸರವು ಮಡುಗಟ್ಟಿದ್ದಿರಬೇಕು!

ಕಡೆಗೆ 15 ಮಂದಿಯನ್ನು ಕೆಲಸದಿಂದ ತೆಗೆದರು. ಅವರಲ್ಲಿ ಮೇಲಣ ಅಧಿಕಾರಿಗಳೂ ಇದ್ದರೆಂಬುದನ್ನು ಒಪ್ಪತಕ್ಕದ್ದೇ. ಆದರೆ ಆಡಳಿತದ ಶಿಖರದಲ್ಲಿದ್ದವರಿಗೆ ಸಂಗತಿಯೇ ತಿಳಿದಿರಲಿಲ್ಲವೆಂದು ವರದಿಯು ಹೇಳುತ್ತದೆ. ತಿಳಿಯದಿದ್ದುದು ನಿರಪರಾಧಕ್ಕೆ ಪ್ರಮಾಣವಾಗುವುದೆ? ಕೆಟ್ಟ ಸುದ್ದಿಯು ಮೇಲೇರದಂತೆ ಮೆಟ್ಟಿಲನ್ನೇ ಕಿತ್ತ ಮನೆಯಲ್ಲಿ ಉಪ್ಪರಿಗೆಯವನ ಅಜ್ಞಾನವೂ ಅಪರಾಧವೇ ಸರಿ. ಕೆಲಸಗಾರನ ಕುಶಲತೆಯು ಅವನ ಕೈಯಲ್ಲಿ ಮಾತ್ರವಿಲ್ಲ, ಇದ್ದುದನ್ನು ಇದ್ದಂತೆ ನುಡಿಯುವ ನಾಲಗೆಯಲ್ಲಿಯೂ ಇರುವುದು. ಅದಕ್ಕೆ ಬೀಗವಿಕ್ಕಿದ ಒಡೆಯರು ಬಳಿಕ ಅವನ ಮೌನವನ್ನು ದೂಷಿಸುವುದು ನ್ಯಾಯವಲ್ಲ.

ಶಬ್ದವನ್ನು ನಿಷೇಧಿಸಿದ ಮಾತ್ರಕ್ಕೆ ಅರ್ಥವು ನಾಶವಾಗದು. ಅದು ಹೆದ್ದಾರಿಯಲ್ಲಿ ಕಾದಿರುವುದು.